ಮೊದಲ ಸೇರಿಗೆ ಲಾಭ

ಮೊಮ್ಮಕ್ಕಳೇ, ಸೃಷ್ಟಿ, ಪೂರ್ವಿ, ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ನೀವು ಚಮಚಗಳನ್ನು ಸಿಕ್ಕಿಸಿಡುವ ಕಬ್ಬಿಣದ ಡಬ್ಬಿ ಇದೆಯಲ್ಲ, ಅಂಚು ಒಂದು ಕಡೆ ನೆಗ್ಗಿದ್ದು, ಅದು ಡಬ್ಬಿಯಲ್ಲ, ಸೇರು. ವಿಜಯಪುರದ ಈ ಮನೆಗೆ ನಾವು ಬರುವ ಎಷ್ಟೋ ಮೊದಲು, ತಿಕೋಟಾದ ಕಣದಲ್ಲಿ ನನ್ನ ಮಾವನವರು ಅದರಿಂದಲೇ ಜೋಳದ ರಾಶಿ ಅಳೆಯುತ್ತಿದ್ದರು. ನಾನು ಮದುವೆಯಾಗಿ ಬಂದ ಮೊದಲ ಸುಗ್ಗಿ. ತಲೆಯ ಮೇಲಿನ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಚೀಲದ ಬಾಯಿ ಹಿಡಿದು ನಿಂತಿದ್ದೆ. ಮಾವನವರು ಮೊದಲ ಸೇರು ಸುರಿದು ‘ಲಾಭ’ ಎಂದರು. ಅದರ ಮುಂದಿನದಕ್ಕೆ ‘ಎರಡು’ ಎಂದರು. ನನ್ನಪ್ಪ ಮಮದಾಪುರದಲ್ಲಿ ದರ್ಜಿ, ನಮಗೆ ಹೊಲವಿರಲಿಲ್ಲ, ರಾಶಿ ಅಳೆಯುವುದನ್ನು ನಾನು ನೋಡಿದವಳಲ್ಲ. ಆದರೆ ಊರ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿ, ಲೆಕ್ಕದಲ್ಲಿ ಮಾಸ್ತರರಿಂದ ಶಾಭಾಸ್ ಅನ್ನಿಸಿಕೊಂಡವಳು. ಬಾಯಿ ಜಾರಿತು.

“ಮಾವಾರ, ಒಂದು ಬಿಟ್ರಿ.”

ಕಣದಲ್ಲಿದ್ದವರೆಲ್ಲ ನಕ್ಕರು. ಮಾವನವರು ಮಾತ್ರ ನಗಲಿಲ್ಲ. “ಬಿಟ್ಟಿಲ್ಲವ್ವಾ. ಒಂದು ಅಂದ್ರ ಒಂದಕ್ಕ ನಿಂತೀತು. ಸುರು ಮಾಡೂದು ಲಾಭದಿಂದ,” ಎಂದರು. ಆ ದಿನದ ನಾಚಿಕೆ ನನ್ನ ಬಾಯಿಗೆ ಹಾಕಿದ ಬೀಗ ಬಹಳ ವರ್ಷ ತೆರೆಯಲಿಲ್ಲ. ಉಣ್ಣಲು ಕೂತವರನ್ನು ಎಣಿಸಬಾರದು, ಮನೆಯ ಮಕ್ಕಳನ್ನು ಬೊಟ್ಟು ಮಾಡಿ ಎಣಿಸಬಾರದು ಎಂಬುದನ್ನೂ ಆ ಮನೆಯಲ್ಲೇ ಕಲಿತೆ. ಧಾನ್ಯವನ್ನು ಅಳೆಯಬಹುದು, ಮನುಷ್ಯರನ್ನಲ್ಲ.

ಹಾಗಿದ್ದವಳ ಎದೆ ಈ ಬೇಸಿಗೆಯಲ್ಲಿ ಎರಡು ಸಲ ಧಸಕ್ಕೆಂದಿತು.

ಮೊದಲನೆಯ ಸಲ, ಸೃಷ್ಟಿ ತಾನು ಆಕ್ಚುರಿಯಲ್ ಸೈನ್ಸ್ ಓದುವೆನೆಂದಾಗ. ಯಾವುದೋ ಔಷಧದ ಓದಿರಬೇಕೆಂದುಕೊಂಡು, ಅದರಲ್ಲಿ ಏನು ಕಲಿಸುತ್ತಾರೆಂದು ಕೇಳಿದೆ.

“ಆಯಿ, ಒಂದ ವಯಸ್ಸಿನ ಸಾವಿರ ಮಂದಿ ಅದಾರ ಅಂತ ತಿಳಕೋ. ಮುಂದಿನ ವರ್ಷಕ್ಕ ಅವರೊಳಗ ಎಷ್ಟ ಮಂದಿ ಇರ್ತಾರ, ಎಷ್ಟ ಮಂದಿ ಇರೂದಿಲ್ಲ ಅಂತ ಲೆಕ್ಕಾ ಹಾಕೂದು. ವಿಮಾ, ಪಿಂಚಣಿ ಎಲ್ಲಾ ಅದರ ಮ್ಯಾಲ ನಿಂತಾವ.”

“ಯವ್ವಾ! ಇದಕ್ಕ ಡಿಗ್ರಿ ಕೊಡ್ತಾರ?”

“ಅಕ್ಕ ಯಮನ ಆಫೀಸಿನ್ಯಾಗ ಕ್ಲಾರ್ಕ್ ಆಗ್ತಾಳ, ಆಯಿ!” ಎಂದಳು ಪೂರ್ವಿ. ಎಲ್ಲರೂ ನಕ್ಕರು. ನಾನು ಒಳಗೆ ಹೋಗಿ ಪರಾತದಲ್ಲಿ ರೊಟ್ಟಿಯ ಹಿಟ್ಟು ನಾದತೊಡಗಿದೆ. ನಿಮ್ಮ ಅಜ್ಜ ಮೂವತ್ತೆಂಟಕ್ಕೆ ಹೋದರು. ದ್ರಾಕ್ಷಿಯ ತೋಟದಿಂದ ಜ್ವರ ಹೊತ್ತುಕೊಂಡು ಬಂದವರು ನಾಲ್ಕನೆಯ ದಿನ ಇರಲಿಲ್ಲ. ಆ ವಯಸ್ಸಿನ ಸಾವಿರ ಜನರಲ್ಲಿ ಹೋಗುವವರು ಬಹಳ ಕಡಿಮೆಯಂತೆ. ಆ ಕೆಲವರಲ್ಲಿ ಅವರೇ ಯಾಕೆ ಎಂದು ಕೇಳಿದರೆ, ಕೋಷ್ಟಕದಲ್ಲಿ ಹೆಸರುಗಳಿರುವುದಿಲ್ಲ, ಬರೀ ವಯಸ್ಸು ಇರುತ್ತದೆ ಎಂದಳು ಸೃಷ್ಟಿ. ಹೆಸರೇ ಇಲ್ಲದ ಸಾವು ಎಂಬುದೊಂದು ಇರಬಹುದೆಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಆಮೇಲೆ ಎಲ್ಲಿ ಓದುವುದೆಂಬ ಪ್ರಶ್ನೆ. ಪಡಸಾಲೆಯ ತುಂಬ ಕಾಗದ ಹರಡಿತು. ಮುಂಬೈಯ ಒಂದು ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತ್ತು. ಅಲ್ಲಿ ಓದಿದರೆ, ಪದವಿಯ ಆಚೆ ಬರೆಯಬೇಕಾದ ದೊಡ್ಡ ಪರೀಕ್ಷೆಗಳಲ್ಲಿ ಕೆಲವಕ್ಕೆ ವಿನಾಯಿತಿಯಂತೆ. ನಮ್ಮೂರ ಕಾಲೇಜಿನಲ್ಲಿ ಆ ವಿಷಯವೇ ಇಲ್ಲ, ಸಂಖ್ಯಾಶಾಸ್ತ್ರವಷ್ಟೇ. ಹೀಗಿರುವಾಗ, ಒಪ್ಪಿಗೆ ತಿಳಿಸಬೇಕಾದ ಕೊನೆಯ ದಿನದ ಹಿಂದಿನ ಸಂಜೆ, “ಅಪ್ಪಾ, ನಾ ಇಲ್ಲೇ ಓದ್ತೀನಿ” ಎಂದಳು ಸೃಷ್ಟಿ. ಯಾಕೆಂದು ಕೇಳಿದ್ದಕ್ಕೆ ಕಾಗದಗಳನ್ನು ಒಟ್ಟುಮಾಡಿಕೊಂಡು ಒಳಗೆ ಹೋದಳು.

ಉತ್ತರ ಸಿಕ್ಕಿದ್ದು ನನಗೆ, ಮರುದಿನ ಮುಂಜಾನೆ ರೊಟ್ಟಿಯ ಬುಟ್ಟಿಗೆ ಹಾಸಲು ರದ್ದಿ ಹಾಳೆ ಹುಡುಕುವಾಗ. ಸಿಕ್ಕ ಹಾಳೆಯೊಂದರಲ್ಲಿ ಸೃಷ್ಟಿಯ ಅಕ್ಷರ; ಎರಡು ಸಾಲು ಎಳೆದು ಒಂದಕ್ಕೆ ಮುಂಬೈ, ಇನ್ನೊಂದಕ್ಕೆ ನಮ್ಮೂರು ಎಂದು ಬರೆದಿತ್ತು. ಮುಂಬೈಯ ಕೆಳಗೆ ಅಧ್ಯಾಪಕರು, ವಿನಾಯಿತಿ, ಗ್ರಂಥಾಲಯ, ಹಾಸ್ಟೆಲ್, ಎಲ್ಲಕ್ಕೂ ಸರಿ ಗುರುತು. ನಮ್ಮೂರಿನ ಕೆಳಗೆ ಒಂದೇ ಒಂದು: ‘ಆಯಿ, ೭೧’. ಅದರ ಪಕ್ಕ ಒಂದು ಅಂಕಿ. ಅಂಕಿಯ ಸುತ್ತ ಒಂದು ಸುತ್ತು.

ಲೆಕ್ಕ ಬಲ್ಲವಳಿಗೆ ಬಿಡಿಸಿ ಹೇಳಬೇಕೆ? ಕೋಷ್ಟಕದ ಲೆಕ್ಕದಲ್ಲಿ ನನಗೆ ಇನ್ನುಳಿದ ವರ್ಷಗಳು ಅವು; ಎದೆ ಧಸಕ್ಕೆಂದ ಎರಡನೆಯ ಸಲ ಅದೇ. ಆ ಅಂಕಿಯನ್ನು ಇಲ್ಲಿ ಬರೆಯುವುದಿಲ್ಲ. ಅದು ಕಡಿಮೆಯೇನೂ ಇರಲಿಲ್ಲ. ನನ್ನನ್ನು ನಡುಗಿಸಿದ್ದು ಅಂಕಿಯಲ್ಲ, ಆ ಸುತ್ತು.

ಯಾಕೆಂದರೆ ಆ ಸುತ್ತಿನೊಳಗೆ ನಾನೊಮ್ಮೆ ಸಿಕ್ಕಿದ್ದೆ. ಏಳನೆಯ ಇಯತ್ತೆ ಮುಗಿದಾಗ ಮಾಸ್ತರರು ಮನೆಗೆ ಬಂದು, ಹುಡುಗಿಯನ್ನು ಮುಂದೆ ಓದಿಸಿ, ಶಿಕ್ಷಕಿಯಾಗುತ್ತಾಳೆ ಎಂದು ಅಪ್ಪನಿಗೆ ಹೇಳಿದ್ದರು. ಮುಂದಿನ ಇಯತ್ತೆಗಳಿದ್ದ ಬಬಲೇಶ್ವರದಲ್ಲಿ ಸೋದರತ್ತೆಯ ಮನೆಯಿತ್ತು, ಇರಲು ಜಾಗವಿತ್ತು. ಆದರೆ ಆಗ ನನ್ನ ಆಯಿಗೆ, ಅಪ್ಪನ ಅವ್ವನಿಗೆ, ಕೆಮ್ಮು. ದಸರೆ ನೋಡುವುದಿಲ್ಲ ಮುದುಕಿ ಎಂದು ಊರೇ ಲೆಕ್ಕ ಹಾಕಿತ್ತು. ಅವಳ ಬಳಿ ಇರುತ್ತೇನೆಂದು ನಾನೇ ಉಳಿದೆ. ಆಯಿ ದಸರೆ ನೋಡಿದಳು. ನನ್ನ ಮದುವೆ ನೋಡಿದಳು, ನಿಮ್ಮಪ್ಪನ ತೊಟ್ಟಿಲು ತೂಗಿದಳು. ತವರಿಗೆ ಹೋದಾಗಲೆಲ್ಲ ನನ್ನ ಮುಖ ನೋಡಲಾರದೆ, “ನಾ ಬದುಕಿದ್ದ ತಪ್ಪಾತು ನೋಡ ಮಗಳ” ಎನ್ನುತ್ತಿದ್ದಳು. ಬದುಕಿದ್ದಕ್ಕೆ ಒಬ್ಬಳು ನಾಚಬೇಕೆ! ಆ ನಾಚಿಕೆ ಈಗ ನನ್ನ ಪಾಲಿಗೆ ಬರುತ್ತಿತ್ತು.

ಹಾಳೆ ಹಿಡಿದುಕೊಂಡೇ ಪಡಸಾಲೆಗೆ ಬಂದೆ. ಮಗ ಅಂಗಡಿಗೆ ಹೊರಟು ನಿಂತಿದ್ದ, ಸೊಸೆ ಡಬ್ಬಿ ಕಟ್ಟುತ್ತಿದ್ದಳು. ಎಲ್ಲರ ಮುಂದೆ ನನ್ನ ದನಿ ನನಗೇ ಪರಕೀಯವಾಗಿ ಕೇಳಿಸಿತು.

“ಸೃಷ್ಟಿ, ನನ್ನ ಹೆಣಾ ಕಾಯಾಕ ನಿಂತಿಯೇನ ಬೇ ಇಲ್ಲೆ?”

ಅವಳು ಬಿಳುಚಿಕೊಂಡಳು. “ಹಂಗಲ್ಲ ಆಯಿ... ಇರೂವಷ್ಟು ದಿನಾ ನಿನ್ನ ಕೂಡ ಇರೂಣಂತ...”

ನನ್ನ ಆಯಿಯ ಕತೆ ಹೇಳಿದೆ. ಮಗನಿಗೂ ಗೊತ್ತಿರಲಿಲ್ಲ ಅದು. ಚಪ್ಪಲಿ ಮೆಟ್ಟಿದ ಕಾಲಲ್ಲೇ ಬಾಗಿಲಲ್ಲಿ ನಿಂತುಬಿಟ್ಟ. ಸೃಷ್ಟಿಗೆ ಹೇಳಿದೆ, “ನೀ ಇಲ್ಲೇ ಕುಂತ್ರ ನಾ ಬದುಕೂ ಒಂದೊಂದು ವರ್ಷಾನೂ ನಿನ್ನ ದಾರಿಗೆ ಅಡ್ಡ ಬಿದ್ದಂಗ. ಆ ಲೆಕ್ಕ ಐತೇನ ನಿನ್ನ ಪುಸ್ತಕದಾಗ?”

ಅವಳು ಕಣ್ಣೊರೆಸಿಕೊಂಡು ಒಂದು ಮಾತು ಹೇಳಿದಳು. ಆ ಅಂಕಿ ನಿಂತಲ್ಲಿ ನಿಲ್ಲುವುದಿಲ್ಲವಂತೆ. ಒಂದು ವರ್ಷ ಬದುಕಿದರೆ ಅದು ಪೂರ್ತಿ ಒಂದು ಇಳಿಯುವುದಿಲ್ಲ, ಸ್ವಲ್ಪ ಕಡಿಮೆಯೇ ಇಳಿಯುತ್ತದಂತೆ; ಬದುಕಿ ದಾಟಿದವರಿಗೆ ಕೊನೆಯ ಗಡುವು ಅಷ್ಟಷ್ಟೇ ಮುಂದೆ ಸರಿಯುತ್ತದಂತೆ. ನಾನು ದಂಗಾಗಿ ಕೇಳಿದೆ. ಮಾವನವರು ಇಂಗ್ಲಿಷ್ ಕಲಿತವರಲ್ಲ, ಆದರೆ ಆ ಪುಸ್ತಕದವರಿಗೂ ಎಲ್ಲೋ ಅವರ ಸೇರಿನ ಗುಟ್ಟು ತಿಳಿದಿತ್ತು!

“ಹಂಗಾರ ಎಣಸು,” ಎಂದೆ, “ಆದ್ರ ಲಾಭದಿಂದ ಎಣಸು.”

ಸೃಷ್ಟಿ ಅಂದು ಮಧ್ಯಾಹ್ನ ಮುಂಬೈಗೆ ಒಪ್ಪಿಗೆ ಕಳಿಸಿದಳು. ಅವಳು ಹೊರಡುವ ಹಿಂದಿನ ದಿನ, ಕಟ್ಟಿಕೊಡುವ ರೊಟ್ಟಿಗೆ ಜೋಳ ಬೀಸಿಸಬೇಕಿತ್ತು. ಚಮಚಗಳನ್ನು ತೆಗೆದಿಟ್ಟು ಸೇರು ತೊಳೆದು ಒರೆಸಿದೆ. ಮೊದಲ ಸೇರನ್ನು ಚೀಲಕ್ಕೆ ಸುರಿಯುವಾಗ, ಬಾಯಿ ಹಿಡಿದು ನಿಂತಿದ್ದ ಅವಳೇ ನನಗಿಂತ ಮುಂಚೆ ‘ಲಾಭ’ ಎಂದಳು.

ಮಕ್ಕಳೇ, ಆ ಹಾಳೆಯನ್ನು ನಾನು ರೊಟ್ಟಿಯ ಬುಟ್ಟಿಗೆ ಹಾಸಲಿಲ್ಲ. ಈ ಬರಹದ ಹಾಳೆಗಳನ್ನು ಅದರ ಜೊತೆ ಸುರುಳಿ ಸುತ್ತಿ ಸೇರಿನೊಳಗೆ ಇಡುತ್ತೇನೆ. ಚಮಚಗಳಿಗೆ ಬೇರೆ ಜಾಗ ನೋಡಿಕೊಳ್ಳಿ. ಇವು ಮಾತ್ರ ಅಲ್ಲೇ ಜೋಪಾನವಾಗಿರಲಿ.