ಬಾಸಿಗೆ ನೀರು ಹಾಕಿದ ಆಯುಧಪೂಜೆ

ನಮ್ಮನೆಯವರು ಜಾಜ್ ಸಂಗೀತಗಾರರು. ಆಳೆತ್ತರದ ಪಿಟೀಲಿನಂಥ ಬಾಸನ್ನು ನಿಂತುಕೊಂಡು, ತಂತಿ ಮೀಟಿ ನುಡಿಸುತ್ತಾರೆ. ಮೂವತ್ತು ವರ್ಷ ಬೆಂಗಳೂರಿನ ಹೋಟೆಲುಗಳಲ್ಲಿ ಬೇರೆಯವರ ಹಿಂದೆ ನಿಂತು ನುಡಿಸಿದರು. ಈಗ ಮಂಡ್ಯದ ನಮ್ಮ ಮನೆಯ ಹಜಾರದಲ್ಲೇ ಪಾಠ ಹೇಳುತ್ತಾರೆ, ತಾವೇ ಸಂಗೀತವನ್ನೂ ಬರೆಯುತ್ತಾರೆ. ನನ್ನ ನಾದಿನಿ ಬಂದಾಗಲೆಲ್ಲ, "ನಮ್ಮಣ್ಣ ಮುಂದಕ್ಕೆ ಬರೋದ್ಯಾವಾಗ ಅತ್ಗೆ? ಇನ್ನೂ ಇಂದ್ಗಡೆ ನಿಂತ್ಕಂಡು ದುಮ್ ದುಮ್ಮೇನಾ?" ಎಂದು ಕಾಲೆಳೆಯುತ್ತಿದ್ದಳು.

ಕಡೆಗೂ ಅವರ ಹುಟ್ಟೂರು ಮಳವಳ್ಳಿಯ ಶಾಲೆಯೊಂದರಿಂದ, ಶಿಷ್ಯರ ಜೊತೆ ತಮ್ಮದೇ ರಚನೆ ನುಡಿಸಲು ಕರೆ ಬಂತು. ಅದು ಶುರುವಾಗುವುದೇ ಬಾಸಿನಿಂದ, ಅದೊಂದರಿಂದಲೇ.

ಅದಕ್ಕೆ ವಾರದ ಮುಂಚೆ ಆಯುಧಪೂಜೆ. ಪ್ರತಿವರ್ಷ ಬಾಸಿನ ತಲೆಗೆ ಕುಂಕುಮವಿಟ್ಟು ಕೈಮುಗಿಯುತ್ತಿದ್ದವಳು, ಈ ಸಲ ಊರಿನವರ ಮುಂದೆ ಹೊಳೆಯಲಿ ಎಂದು, ಸ್ಕೂಟರು ತೊಳೆದ ಹಾಗೆ ಎರಡು ಚೊಂಬು ನೀರು ಹಾಕಿ ಉಜ್ಜಿಬಿಟ್ಟೆ. ಅವರು ಹೂವು ತರಲು ಹೋಗಿದ್ದರು.

ಮಾರನೆಯ ದಿನ ಮೀಟಿದರೆ ಕರಕರ ಸದ್ದು. ಕೆಳಗಡೆ ಹಿಂದಿನ ಹಲಗೆ ಪಕ್ಕದ ಹಲಗೆಯಿಂದ ಉಗುರು ತೂರುವಷ್ಟು ಬಿಟ್ಟುಕೊಂಡಿತ್ತು. ಇರುವುದು ಅದೊಂದೇ ಬಾಸು. ಅವರು ತಂತಿಗಳನ್ನು ಸಡಿಲಿಸಿ, ಹಾಸಿಗೆ ತರಲು ಒಳಗೆ ಹೋದರು.

ಗೂಡ್ಸ್ ಆಟೋದಲ್ಲಿ ಹಾಸಿಗೆ ಹಾಸಿ ಮಲಗಿಸಿ ಮದ್ದೂರಿಗೆ ಒಯ್ದೆವು. ದಾರಿಯುದ್ದಕ್ಕೂ ಮನೆದೇವರನ್ನು ನೆನೆದೆ. ಅಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವ ವಯಸ್ಸಾದ ಬಡಗಿ ಸಾಬರು, ಬೆರಳ ಗೆಣ್ಣಿನಿಂದ ಸುತ್ತಲೂ ಕುಟ್ಟಿ ಕೇಳಿದರು.

"ಮದ್ಮಗಂಗೆ ಉಯ್ದಂಗೆ ಇದ್ಕೆ ನೀರ್ ಉಯ್ದೋರ್ಯಾರು?"

"ನಾನೇ ಸಾಬ್ರೆ," ಎಂದು ಕಣ್ಣೊರೆಸಿಕೊಂಡೆ.

"ಅಳ್ಬ್ಯಾಡ ಬುಡಮ್ಮ. ಮರ ಸೀಳಿಲ್ಲ, ಅಂಟು ಬುಟ್ಟದೆ ಅಷ್ಟೇಯ. ಹಳೇ ಕಾಲದ ಅಂಟು ಕಣಮ್ಮ, ತಾನು ಬುಟ್ಕೊಟ್ಟು ಮರ ಉಳಿಸ್ತದೆ. ಮೂರ್ ದಿನ ಬಿಗಿದಿಡ್ತೀನಿ."

ಮರ ಸೀಳಿಲ್ಲ! ಆ ಮಾತಿಗೇ ಎದೆ ಹಗುರಾಯಿತು. ಹಬ್ಬದ ಮಾರನೇ ದಿನವೂ ಸಾಬರು ಅಂಗಡಿ ತೆಗೆದಿದ್ದರು, ದಾರಿಯಲ್ಲಿ ಮಳೆ ಬರಲಿಲ್ಲ. ಅದೂ ದೇವರ ದಯೆಯೇ.

ಮಳವಳ್ಳಿಯಲ್ಲಿ ವೇದಿಕೆ ಹತ್ತುವ ಮುಂಚೆ ನಮ್ಮನೆಯವರು ಬಾಸನ್ನು ನನ್ನ ಕಡೆ ವಾಲಿಸಿದರು.

"ಏನೇ, ಕುಂಕುಮ ಇಡಾಕಿಲ್ವಾ? ನೀರು ಮಾತ್ರ ಬ್ಯಾಡ."

"ಸಾಕು ಸುಮ್ನಿರ್ರೀ," ಎಂದು ಅದರ ತಲೆಗೆ ಬೊಟ್ಟಿಟ್ಟೆ.

ಮುಂದಿನ ಸಾಲಿನಲ್ಲಿ ಕೂತೆ. ಮೊದಲ ತಂತಿ ಮೀಟಿದರು. ಕರಕರ ಇಲ್ಲ. ನಾದ ನನ್ನ ಕಾಲಡಿಯ ನೆಲದವರೆಗೂ ಬಂತು. ಪಕ್ಕದಲ್ಲಿದ್ದ ನಾದಿನಿ ಮೊಣಕೈ ತಿವಿದು, "ಅಣ್ಣ ಮುಂದಕ್ಕೆ ಬಂದೇಬುಟ್ಟ ಅತ್ಗೆ," ಎಂದಳು.

ಬೆರಳಿಗಂಟಿದ್ದ ಕುಂಕುಮವನ್ನು ಒರೆಸಿಕೊಳ್ಳದೆಯೇ ಕೈಮುಗಿದೆ.