ಒಂದು ಗೇಣು ಕೆಂಪು ಮಣ್ಣು

ನಮ್ಮ ದೊಡ್ಡಮ್ಮ ಓದಿದ್ದು ನಾಲ್ಕನೇ ತರಗತಿ. ಆದರೆ ಕಲ್ಲಿನ ವಿಷಯದಲ್ಲಿ ಅವಳನ್ನು ಮೀರಿಸುವವರನ್ನು ನಾನಂತೂ ಕಂಡಿಲ್ಲ. ಇದು ಜಂಬ ಅನ್ನಿಸಿದರೆ ಅನ್ನಿಸಲಿ, ನನಗೇನೂ ಬೇಜಾರಿಲ್ಲ.

ನಮ್ಮೂರಿನ ಪ್ರಸ್ಥಭೂಮಿ ಲಾವಾ ಹರಿದು, ಆರಿ, ಅದರ ಮೇಲೆ ಮತ್ತೆ ಹರಿದು ಪದರ ಪದರವಾಗಿ ಬೆಳೆದದ್ದು. ಅದರೊಳಗೆ ರಸ್ತೆಗೆ ಸುರಂಗ ಮಾಡಲು ಹೊರಟಾಗ ದೊಡ್ಡಮ್ಮನಿಗೆ ತಗಡಿನ ಶೆಡ್ಡಿನಲ್ಲಿ ಕೆಲಸ ಸಿಕ್ಕಿತು. ಡ್ರಿಲ್ಲಿನವರು ನೆಲದಿಂದ ತೆಗೆದು ಪೆಟ್ಟಿಗೆಯಲ್ಲಿಟ್ಟು ಕಳಿಸಿದ ಕಲ್ಲಿನ ಕೋಲುಗಳನ್ನು ತೊಳೆದು, ಕ್ರಮ ತಪ್ಪದಂತೆ ಮತ್ತೆ ಜೋಡಿಸುವುದು. ಎಲ್ಲಿ ಕಲ್ಲು ಸಿಕ್ಕಿಲ್ಲವೋ ಅಲ್ಲಿ ಅಷ್ಟೇ ಉದ್ದದ ಮರದ ತುಂಡು ಇರಬೇಕು.

ಒಂದು ದಿನ ಜೋಡಿಸುತ್ತಿದ್ದ ಅವಳ ಕೈ ನಡುವೆಯೇ ನಿಂತಿತು. ಮೇಲಿನದು ಗಟ್ಟಿ ಕರಿಗಲ್ಲು, ಒಂದು ಪದರದ ತಳ. ಅದಕ್ಕೆ ಒತ್ತಿಕೊಂಡೇ ಗುಳ್ಳೆಗುಳ್ಳೆ ಕಲ್ಲು, ಕೆಳಗಿನ ಪದರದ ನೆತ್ತಿ. ಎರಡರ ತುದಿಯೂ ಸವೆದು ದುಂಡಗಾಗಿತ್ತು. ನಮ್ಮಲ್ಲಿ ಇಂಥ ಎರಡು ಪದರಗಳ ನಡುವೆ ಎಷ್ಟೋ ಕಡೆ ಕೆಂಪು ಮಣ್ಣಿರುತ್ತದೆ; ಕೊರೆಯುವಾಗ ಅದು ಹೋದರೆ ಕಲ್ಲುಗಳು ಒಂದಕ್ಕೊಂದು ಉಜ್ಜಿ ಸವೆಯುತ್ತವೆ.

"ಇಲ್ಲಿ ಕೆಂಪು ಮಣ್ಣಿತ್ತು. ಕೊರೆಯುವಾಗ ಬಿಟ್ಟ ನೀರಲ್ಲಿ ಕೊಚ್ಚಿಹೋಗಿದೆ. ಮರದ ತುಂಡು ಇಡದೆ ಕಲ್ಲು ತಳ್ಳಿ ಕೂಡಿಸಿದೀರ," ಎಂದಳು.

ಡ್ರಿಲ್ ಮೇಸ್ತ್ರಿ ನಕ್ಕ. "ಅಕ್ಕಾ, ತೊಳೆಯೋದು ನಿಮ್ಮ ಕೆಲಸ. ನೆಲದೊಳಗೆ ಇಣುಕೋದು ನಮಗೆ ಬಿಡಿ."

ಸುರಂಗದ ಚಾವಣಿ ಬರುವುದು ಸರಿಯಾಗಿ ಅದೇ ಆಳದಲ್ಲಿ. ಒದ್ದೆಯಾದರೆ ಜಾರುವ ಮಣ್ಣು ಅದು. ದೊಡ್ಡಮ್ಮ ನೇರ ಎಂಜಿನಿಯರರ ಮುಂದೆ ಹೋಗಿ ನಿಂತಳು.

"ಮತ್ತೆ ಕೊರೆಯೋಕೆ ನಾಲ್ಕು ದಿನ ಬೇಕಮ್ಮ. ನಿಮ್ಮ ಮಾತು ಸುಳ್ಳಾದ್ರೆ?"

"ಆಮೇಲೆ ಶೆಡ್ಡಿಗೆ ಕಾಲಿಡಲ್ಲ ಸಾರ್."

ಆ ಕೆಲಸ ಹೋದರೆ ಅವಳಿಗೆ ಬೇರೆ ಆಸರೆ ಇರಲಿಲ್ಲ. ನಾಲ್ಕು ದಿನ ಮನೆಯಲ್ಲಿ ಪಾತ್ರೆಗಳ ಸದ್ದೇ ಎಲ್ಲವನ್ನೂ ಹೇಳುತ್ತಿತ್ತು.

ಐದನೆಯ ದಿನ, ನೀರು ಕಡಿಮೆ ಬಿಟ್ಟು ನಿಧಾನವಾಗಿ ಕೊರೆದ ಹೊಸ ಕೊಳವೆಯಲ್ಲಿ ಮಣ್ಣು ಬಂತು. ಇಟ್ಟಿಗೆಯಷ್ಟು ಕೆಂಪು, ಬರೋಬ್ಬರಿ ಒಂದು ಗೇಣು! ಮೇಸ್ತ್ರಿ ತಾನೇ ಬಂದು ಹಳೆಯ ಪೆಟ್ಟಿಗೆಯ ಕಲ್ಲು ಸರಿಸಿ, ನಡುವೆ ಮರದ ತುಂಡಿಟ್ಟ. "ಸರಿಯಾಯ್ತಾ ನೋಡಿ ಅಕ್ಕಾ," ಅಂದ. ಅವಳು ನೋಡಿ, ಬೆರಳಷ್ಟು ಈಚೆಗೆ ಸರಿಸಿದಳು.

ಸುರಂಗವನ್ನೇ ಕೆಳಗಿನ ಪದರಕ್ಕೆ ಇಳಿಸಿದರು. ಈಗ ಬಸ್ಸು ಒಳಹೊಕ್ಕ ಕೂಡಲೇ ಇಳಿಜಾರು, ಎಲ್ಲರೂ ಮುಂದಿನ ಸೀಟು ಹಿಡಿದುಕೊಳ್ಳಬೇಕು. "ಯಾರಪ್ಪಾ ಈ ದಾರೀನ ಇಷ್ಟು ಕೆಳಗಿಳಿಸಿದ್ದು?" ಎಂದು ಯಾರಾದರೂ ಗೊಣಗದೆ ಇರುವುದಿಲ್ಲ.

ದೊಡ್ಡಮ್ಮ ನೆಟ್ಟಗೆ ಕೂರುತ್ತಾಳೆ.

"ನಾನು," ಎನ್ನುತ್ತಾಳೆ.