ರಜಾಯಿಗೆ ಹಾಕಿದ ಬೀಗ

ಗುಂಡ್ಲುಪೇಟೆಯ ಅಜ್ಮತ್ ಉಲ್ಲಾ ಸಾಹೇಬರು ಹೊಲಿದ ರಜಾಯಿ ಹೊದ್ದರೆ ಊಟಿಯ ಚಳಿಯೂ ಹತ್ತಿರ ಸುಳಿಯದು. ಆದರೆ ಆ ಮನುಷ್ಯನ ಅನುಮಾನ, ಶಿವ ಶಿವಾ! ಕೆಲಸ ನಡೆಯುವಾಗ ಕದ ಮುಚ್ಚಿರಬೇಕು. ಮುಗಿದ ರಜಾಯಿ ಹಳೇ ಚಾದರದಲ್ಲಿ ಸುತ್ತಿಕೊಂಡೇ ಹೊರಗೆ ಬರಬೇಕು. ಕಂಡವರ ಕೆಟ್ಟ ದೃಷ್ಟಿ, ನಜರ್ ಬೀಳುತ್ತದಂತೆ, ಡಿಸೈನ್ ಕದಿಯುತ್ತಾರಂತೆ. ಬೇಗೂರಿನ ದರ್ಜಿಯ ಮೇಲೆ ಗುಮಾನಿ, ತನ್ನ ಹೊಲಿಗೆಯವರ ಮೇಲೂ ಗುಮಾನಿ. ಎದುರಿಗೇ ಸೈಬರ್ ಅಂಗಡಿ ಇಟ್ಟಿರುವ ಸೋಮಶೇಖರ ನಾನು. ಆರು ವರ್ಷದಲ್ಲಿ ಒಂದು ರಜಾಯಿಯನ್ನೂ ಬಿಚ್ಚಿದ್ದು ನೋಡಿರಲಿಲ್ಲ.

೨೦೦೮ರ ಬೇಸಿಗೆಗೆ ಮುಂಚೆ, ವರ್ಷಾವರ್ಷಾ ಇವರಿಂದಲೇ ರಜಾಯಿ ಕೊಳ್ಳುತ್ತಿದ್ದ ಊಟಿಯ ಲಾಡ್ಜು ಕೈ ಬದಲಾಯಿತು. ಹೊಸ ಮಾಲೀಕ ಕೊಯಮತ್ತೂರಿನಲ್ಲಿ ಕೂತು ಕಂಪ್ಯೂಟರಿನಲ್ಲಿ ಹುಡುಕುತ್ತಾನಂತೆ, ಅಲ್ಲಿ ಸಿಕ್ಕಿದವರಿಗೇ ಇನ್ನೂರು ರಜಾಯಿಯ ಆರ್ಡರ್. ಅದು ತಪ್ಪಿದರೆ ಸಾಹೇಬರ ಮೂವರು ಹೊಲಿಗೆಯವರಿಗೆ ಕೆಲಸವೇ ಇಲ್ಲ. ಚಾಮರಾಜನಗರದಲ್ಲಿ ಕಂಪ್ಯೂಟರ್ ಕಲಿತಿದ್ದ ಅವರ ತಂಗಿಯ ಮಗಳು ಬುಶ್ರಾ ನನ್ನ ಅಂಗಡಿಯಲ್ಲೇ ಕೂತು ನಾಲ್ಕು ದಿನದಲ್ಲಿ ವೆಬ್‌ಸೈಟ್ ಮಾಡಿಕೊಟ್ಟಳು.

ಹದಿನೈದು ದಿನವಾಯಿತು. ವಿಳಾಸ ಟೈಪ್ ಮಾಡಿದರೆ ಅಂಗಡಿ ಬರುತ್ತದೆ, ಹುಡುಕಿದರೆ ಇಲ್ಲ! ಮೆಟ್ಟುಪಾಳ್ಯಂನ ರಜಾಯಿಯವರು ಬರುತ್ತಾರೆ, ಮೈಸೂರಿನವರು ಬರುತ್ತಾರೆ, ಇವರಿಲ್ಲ. ಸಾಹೇಬರು ದಿನಾ ಬಂದು ನನ್ನ ಬೆನ್ನ ಹಿಂದೆ ನಿಂತು, ಪರದೆ ಬಿಟ್ಟು ನನ್ನ ಕೈಯನ್ನೇ ನೋಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಬೆಳಿಗ್ಗೆ ಊಟಿಯಿಂದ ಫೋನ್ ಬಂತು. ಆರ್ಡರ್ ಮೆಟ್ಟುಪಾಳ್ಯಂ ಪಾಲಾಗಿತ್ತು. ಸಾಹೇಬರು ನೇರ ನನ್ನ ಅಂಗಡಿಗೆ ನುಗ್ಗಿದರು.

“ಎಷ್ಟು ತಿಂದೆ ಸೋಮಣ್ಣ ಆ ಮೆಟ್ಟುಪಾಳ್ಯಂನೋರತ್ರ? ನನ್ನ ಅಂಗ್ಡೀನ ಅಡಗ್ಸಿ ಮಡಗಿದ್ದೀಯ!”

ನನಗೂ ಪಿತ್ತ ನೆತ್ತಿಗೇರಿತು. “ಪ್ರತಿ ರಂಜಾನ್‌ಗೂ ನಿಮ್ಮನೆ ಸುರ್‌ಕುಂಬಾ ಪಾಯ್ಸ ಕುಡ್ದಿರೋನು ನಾನು. ಉಂಡ ಮನೆಗೆ ಎರಡು ಬಗೀತೀನಾ? ಕರೀರಿ ಬುಶ್ರಾನ!”

ಬುಶ್ರಾ ಬಂದಳು. ಅವಳಿಂದ ಫೈಲುಗಳನ್ನು ಒಂದೊಂದಾಗಿ ತೆಗೆಸಿದೆ. ಹುಡುಕುವ ಕಂಪನಿಯವರ ಪ್ರೋಗ್ರಾಂ ಬಂದು ಪುಟಗಳನ್ನು ಓದಿಕೊಂಡು ಹೋದರೆ ತಾನೆ ಅವರ ಪಟ್ಟಿಯಲ್ಲಿ ನಮ್ಮ ಹೆಸರು? ಒಂದು ಫೈಲಿನಲ್ಲಿ ಎರಡೇ ಸಾಲು: ಯಾರ ಪ್ರೋಗ್ರಾಮೂ ಯಾವ ಪುಟಕ್ಕೂ ಕಾಲಿಡಕೂಡದು ಎಂದು.

“ಯಾಕಮ್ಮಿ ಹಾಕ್ದೆ ಇದನ್ನ?”

ಅವಳು ಮಾಮುವಿನ ಕಡೆ ಬೆರಳು ತೋರಿಸಲಿಲ್ಲ. ಕೊನೆಗೆ ಸಾಹೇಬರೇ ಬಾಯಿಬಿಟ್ಟರು.

“ನಾನೇ ಹಾಕ್ಸಿದ್ದು. ಯಾವ್ದೋ ಪ್ರೋಗ್ರಾಂ ಬಂದು ಎಲ್ಲಾನೂ ಓದ್ಕಂಡು ಓಯ್ತದೆ ಅಂದ್ಲು. ಕೇಳ್ದೆ ಮಾಡ್ದೆ ಒಳಕ್ಕೆ ಬರೋನು ಕಳ್ಳ ತಾನೆ? ಬೀಗ ಹಾಕಮ್ಮ ಅಂದೆ. ಬೇಡ ಮಾಮು ಅಂತ ಎರಡು ಸಲ ಅಂದ್ಲು ಮಗು.”

ಪಾಪ ಅನ್ನಿಸಿತು.

ಆ ಎರಡು ಸಾಲು ಅಳಿಸಿದೆವು. ಅಂಗಡಿ ಹುಡುಕಾಟದಲ್ಲಿ ಕಾಣಿಸಲು ಮೂರು ವಾರ ಹಿಡಿಯಿತು, ಅದೂ ಮೂರನೇ ಪುಟದ ತಳದಲ್ಲಿ. ಬೇರೆಯವರ ಪುಟಗಳು ನಿಮ್ಮ ಹೆಸರು ಹೇಳಿದರೆ ಮೇಲೆ ಬರುತ್ತೀರಿ ಎಂದೆ. ಆ ಬೇಸಿಗೆ ಎದುರುಗಡೆ ಹತ್ತಿ ಹಿಂಜುವ ಸದ್ದೇ ಇರಲಿಲ್ಲ.

ಒಂದು ಮಧ್ಯಾಹ್ನ ಸಾಹೇಬರು ರಸ್ತೆ ದಾಟಿ ಬಂದರು. ತೋಳಿನ ಮೇಲೆ ರಜಾಯಿ, ಚಾದರ ಇಲ್ಲ. ರಸ್ತೆಯಲ್ಲಿ ನಿಂತ ಬಸ್ಸಿನಲ್ಲಿದ್ದವರೆಲ್ಲ ಇಣುಕುತ್ತಿದ್ದರು. ಅದನ್ನು ನನ್ನ ಮೇಜಿನ ಮೇಲೆ ಪೂರ್ತಿ ಬಿಚ್ಚಿ ಹರಡಿದರು.

“ನಿಂಗೇ ಇದು. ಅವತ್ತು ಅಂದಿದ್ದಕ್ಕೆ.”

“ಸಾಹೇಬ್ರೆ, ನಜರ್ ಬಿದ್ದಾತು!”

“ಬೀಳ್ಲಿ ಬುಡು ಸೋಮಣ್ಣ. ಬೀಳ್ದೆ ಇದ್ದುದ್ಕೇ ಇನ್ನೂರು ರಜಾಯಿ ಆರ್ಡ್ರು ಓಯ್ತು.”